ಫ್ಯಾಂಟಸಿ ಕಾದಂಬರಿಯನ್ನು ಕಿವಿಯಲ್ಲಿ ಓದುವುದು ಹೇಗೆ? ಮೊದಲ ಗಂಟೆ ದಾಟುವ ದಾರಿ

“ಆಡಿಯೋಬುಕ್ ಹಾಕಿಕೊಂಡೆ. ಹದಿನೈದು ನಿಮಿಷ ಆಗುವಷ್ಟರಲ್ಲಿ ಯಾರು ಯಾರೋ, ಎಲ್ಲಿ ಏನೋ, ಒಂದೂ ತಿಳಿಯಲಿಲ್ಲ. ನಿಲ್ಲಿಸಿಬಿಟ್ಟೆ.” ಇದೇ ದೂರನ್ನು ಓದುಗರು ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಹೇಳುತ್ತಿರುತ್ತಾರೆ. ಸೋಜಿಗವೆಂದರೆ, ಇವರೇ ಆತ್ಮಕಥೆಗಳನ್ನೂ ಪತ್ತೇದಾರಿ ಕಥೆಗಳನ್ನೂ ಅಡುಗೆ ಮಾಡುತ್ತ ಸಲೀಸಾಗಿ ಕೇಳಿ ಮುಗಿಸಿದವರು. ಎಡವುವುದು ಫ್ಯಾಂಟಸಿಯಲ್ಲಿ, ಅದರಲ್ಲೂ ಯಂಗ್ ಅಡಲ್ಟ್ ಫ್ಯಾಂಟಸಿಯಲ್ಲಿ.

ಇದಕ್ಕಾಗಿ ನಿಮ್ಮ ಇಂಗ್ಲಿಷನ್ನು ಬೈದುಕೊಳ್ಳಬೇಕಾಗಿಲ್ಲ. ಪತ್ತೇದಾರಿ ಕಥೆಯಲ್ಲಿ ಪೊಲೀಸ್ ಠಾಣೆ ಎಂದರೆ ಪೊಲೀಸ್ ಠಾಣೆಯೇ. ಫ್ಯಾಂಟಸಿ ಬರೆಯುವವರು ಮಾತ್ರ ನಿಮ್ಮನ್ನು ಒಂದು ಹೊಸ ಲೋಕದ ನಟ್ಟನಡುವೆ ತಂದು ನಿಲ್ಲಿಸಿ, ಅಲ್ಲಿನ ಪದಗಳೆಲ್ಲ ನಿಮಗೆ ಹುಟ್ಟಿನಿಂದಲೇ ಗೊತ್ತಿರುವ ಹಾಗೆ ಬಳಸುತ್ತ ಹೋಗುತ್ತಾರೆ. ಪುಸ್ತಕ ಕೈಯಲ್ಲಿದ್ದರೆ ಬೆರಳಿಟ್ಟುಕೊಂಡು ಹಿಂದಿನ ಪುಟ ತಿರುವಬಹುದು, ಪದದ ಕಾಗುಣಿತ ನೋಡಿ ನೆನಪಿಟ್ಟುಕೊಳ್ಳಬಹುದು. ಕಿವಿಗೆ ಈ ಅನುಕೂಲಗಳಿಲ್ಲ. ಅವುಗಳ ಬದಲಿಗೆ ಏನು ಮಾಡಿಕೊಳ್ಳಬೇಕು ಎಂಬುದನ್ನು ಹಂತ ಹಂತವಾಗಿ ಇಲ್ಲಿ ಹೇಳುತ್ತೇನೆ.

ಬರಿಯ ಉಪದೇಶವಾಗದಿರಲಿ ಎಂದು ಒಂದೇ ಪುಸ್ತಕವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ: ಇಂಗ್ಲೆಂಡಿನ ಫಿಲಿಪ್ ಪುಲ್‌ಮನ್ 1995ರಲ್ಲಿ ಪ್ರಕಟಿಸಿದ ‘ನಾರ್ದರ್ನ್ ಲೈಟ್ಸ್’. ಮೂರು ಕಾದಂಬರಿಗಳ ಸರಣಿಯಲ್ಲಿ ಇದು ಮೊದಲನೆಯದು. ಕೇಳುಗರನ್ನು ಕಾಡುವ ತೊಡಕುಗಳೆಲ್ಲ ಇದರಲ್ಲಿ ಒಂದೇ ಕಡೆ ಸಿಗುತ್ತವೆ. ದಾಟಿದವರಿಗೆ ಸಿಗುವ ಸುಖವೂ ಅಷ್ಟೇ ದೊಡ್ಡದು. ಪುಲ್‌ಮನ್ ಹಿಂದೆ ಶಾಲಾ ಶಿಕ್ಷಕರಾಗಿದ್ದವರು. ಹೋಮರನ ಮಹಾಕಾವ್ಯಗಳ ಕಥೆಗಳನ್ನು ತರಗತಿಯಲ್ಲಿ ಪುಸ್ತಕ ನೋಡದೆ ಬಾಯಲ್ಲಿ ಹೇಳಿ ಪಳಗಿದವರು. ಅವರ ವಾಕ್ಯಗಳು ಕಿವಿಗೆ ಹಿತವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಯಂಗ್ ಅಡಲ್ಟ್ ಎಂದರೆ ಏನು ಎಂದು ಕೇಳುವವರಿಗೆ: ಸುಮಾರು 12ರಿಂದ 18ರ ವಯಸ್ಸಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಕಾಶಕರು ಅಂಟಿಸುವ ಚೀಟಿ ಅದು. ಐವತ್ತು ದಾಟಿದವರು ಕೇಳಿದರೆ ಯಾರೂ ದಂಡ ಹಾಕುವುದಿಲ್ಲ.

ಮೊದಲು ಏನೇನು ಬೇಕು?

ಮೊಬೈಲ್, ಒಂದು ಸಾಧಾರಣ ಇಯರ್‌ಫೋನ್, ಫೋನಿನಲ್ಲಿ ಅರ್ಧ ಜಿಬಿಯಷ್ಟು ಖಾಲಿ ಜಾಗ, ಒಂದು ಚಿಕ್ಕ ನೋಟ್‌ಬುಕ್, ಪೆನ್ಸಿಲ್. ದುಬಾರಿ ಹೆಡ್‌ಫೋನ್ ಬೇಡ; ಮಾತು ಕೇಳಿಸುವುದಕ್ಕೆ ಸಂಗೀತಕ್ಕೆ ಬೇಕಾದಷ್ಟು ಒಳ್ಳೆಯ ಉಪಕರಣ ಬೇಕಾಗುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ, ಯಾರೂ ಕರೆಯದ ಒಂದು ಗಂಟೆ ಬೇಕು. ಒಂದೇ ಗಂಟೆ, ಒಂದೇ ಸಲ. ಆಮೇಲಿನದನ್ನು ಚೂರುಚೂರಾಗಿ ಕೇಳಿದರೂ ನಡೆಯುತ್ತದೆ.

1. ಯಾವ ರೂಪದ ಆಡಿಯೋ ಎಂದು ನೋಡಿಕೊಳ್ಳಿ

ಹೆಚ್ಚಿನವರು ಮುಖಪುಟ ನೋಡಿ ಕೊಳ್ಳುತ್ತಾರೆ. ನೋಡಬೇಕಾದದ್ದು ಮುಖಪುಟದ ಕೆಳಗಿನ ಸಣ್ಣ ಅಕ್ಷರಗಳನ್ನು. ‘ಅನ್‌ಅಬ್ರಿಜ್ಡ್’ ಎಂದಿದ್ದರೆ ಲೇಖಕರು ಬರೆದ ಪ್ರತಿ ಪದವನ್ನೂ ಓದಿದ್ದಾರೆ ಎಂದರ್ಥ. ‘ಅಬ್ರಿಜ್ಡ್’ ಎಂದಿದ್ದರೆ ಸಂಕ್ಷೇಪ. ‘ಡ್ರಮಟೈಸ್ಡ್’ ಎಂದಿದ್ದರೆ ಅದು ಕಾದಂಬರಿಯ ಓದು ಅಲ್ಲವೇ ಅಲ್ಲ. ಆಕಾಶವಾಣಿಯಲ್ಲಿ ಬರುತ್ತಿದ್ದಂಥ ನಾಟಕ. ಸಂಭಾಷಣೆ ಇರುತ್ತದೆ, ಸದ್ದುಗಳಿರುತ್ತವೆ, ನಿರೂಪಣೆ ಬಹುಪಾಲು ಹಾರಿಹೋಗಿರುತ್ತದೆ.

ಅನುಮಾನವಿದ್ದರೆ ಅವಧಿ ನೋಡಿ. ನಮ್ಮ ಉದಾಹರಣೆಯನ್ನೇ ತೆಗೆದುಕೊಂಡರೆ, ಪೂರ್ಣ ವಾಚನ ಸುಮಾರು 11 ಗಂಟೆಯದು. ಬಿಬಿಸಿ 2003ರಲ್ಲಿ ಮಾಡಿದ ರೇಡಿಯೋ ನಾಟಕ ಸುಮಾರು ಎರಡೂವರೆ ಗಂಟೆಯದು. ಎರಡೂ ಒಳ್ಳೆಯವೇ, ಆದರೆ ಒಂದನ್ನು ಇನ್ನೊಂದು ಎಂದು ತಿಳಿದು ಖರೀದಿಸಿದರೆ ಬೇಸರವಾಗುತ್ತದೆ. ಲೆಕ್ಕ ಹಾಕಿಕೊಳ್ಳಲು ಒಂದು ಸುಲಭದ ಅಳತೆ: ವಾಚಕರು ನಿಮಿಷಕ್ಕೆ ಸುಮಾರು 150ರಿಂದ 160 ಇಂಗ್ಲಿಷ್ ಪದ ಓದುತ್ತಾರೆ, ಅಂದರೆ ಗಂಟೆಗೆ ಒಂಬತ್ತು ಸಾವಿರದ ಆಸುಪಾಸು. ಲಕ್ಷ ಪದಗಳ ಕಾದಂಬರಿ ಮೂರು ಗಂಟೆಯಲ್ಲಿ ಮುಗಿಯುತ್ತದೆ ಎಂದು ಯಾರಾದರೂ ತೋರಿಸಿದರೆ, ಮುಕ್ಕಾಲು ಪಾಲನ್ನು ಎಲ್ಲೋ ಬಿಟ್ಟಿದ್ದಾರೆ ಎಂದು ತಿಳಿಯಿರಿ.

ಇನ್ನೊಂದು ಹೊಂಡ: ಒಂದೇ ಪುಸ್ತಕಕ್ಕೆ ಎರಡು ಹೆಸರು. ‘ನಾರ್ದರ್ನ್ ಲೈಟ್ಸ್’ ಅಮೆರಿಕದಲ್ಲಿ ‘ದ ಗೋಲ್ಡನ್ ಕಂಪಸ್’ ಎಂಬ ಹೆಸರಿನಲ್ಲಿ ಬಂದಿದೆ. ಒಂದನ್ನು ಮುಗಿಸಿ, ಎರಡನೆಯ ಭಾಗವೆಂದು ಇನ್ನೊಂದನ್ನು ಕೊಂಡವರಿದ್ದಾರೆ.

2. ದನಿಯನ್ನು ಆರಿಸಿಕೊಳ್ಳಿ

ಇದೇ ಕಾದಂಬರಿಗೆ ಎರಡು ಬಗೆಯ ಪೂರ್ಣ ವಾಚನಗಳಿವೆ. ಹಳೆಯದರಲ್ಲಿ ಪುಲ್‌ಮನ್ ತಾವೇ ನಿರೂಪಣೆ ಓದಿದ್ದಾರೆ. ಪಾತ್ರಗಳ ಮಾತನ್ನು ಮಾತ್ರ ಬೇರೆ ಬೇರೆ ನಟರು ಆಡಿದ್ದಾರೆ. ಇದಕ್ಕೆ ‘ಫುಲ್ ಕಾಸ್ಟ್’ ಎನ್ನುತ್ತಾರೆ, ಪಾತ್ರಕ್ಕೊಂದು ದನಿ. ಪಠ್ಯವನ್ನು ಕತ್ತರಿಸಿಲ್ಲವಾದ್ದರಿಂದ ಇದನ್ನು ಮೇಲೆ ಹೇಳಿದ ನಾಟಕದ ಜೊತೆ ಬೆರೆಸಬೇಡಿ. ಹೊಸದನ್ನು ನಟಿ ರೂತ್ ವಿಲ್ಸನ್ ಒಬ್ಬರೇ ಓದಿದ್ದಾರೆ. ಈ ಸರಣಿ ಟಿವಿಗೆ ಬಂದಾಗ ಅದರಲ್ಲಿ ಮಿಸೆಸ್ ಕೋಲ್ಟರ್ ಎಂಬ ಮುಖ್ಯ ಪಾತ್ರ ಮಾಡಿದವರು ಇವರೇ.

ಯಾವುದು ಒಳ್ಳೆಯದು? ಇಂಗ್ಲಿಷ್ ಆಡಿಯೋಬುಕ್ ಕೇಳಿ ಅಭ್ಯಾಸವಿಲ್ಲದವರಿಗೆ ನಾನು ಕಣ್ಣುಮುಚ್ಚಿ ಫುಲ್ ಕಾಸ್ಟ್ ಎನ್ನುತ್ತೇನೆ. ನಾಲ್ಕು ಜನ ಒಂದೇ ಕೋಣೆಯಲ್ಲಿ ಮಾತನಾಡುವಾಗ ಯಾರದ್ದು ಯಾವ ಮಾತು ಎಂದು ನೀವು ಲೆಕ್ಕ ಇಡಬೇಕಾಗಿಲ್ಲ, ದನಿಯೇ ಹೇಳಿಬಿಡುತ್ತದೆ. ಕಥೆಯಲ್ಲಿ ಬಲೂನ್ ಹಾರಿಸುವವನೊಬ್ಬ ಟೆಕ್ಸಾಸ್‌ನವನು, ದೋಣಿಗಳಲ್ಲೇ ಬದುಕುವ ಒಂದು ಜನ ಇದ್ದಾರೆ, ಮಾತನಾಡುವ ಕರಡಿಗಳಿವೆ. ಬಾಯಿ ತೆರೆದ ಕೂಡಲೇ ಯಾರೆಂದು ಗೊತ್ತಾಗುವುದು ಕೇಳುಗರಿಗೆ ದೊಡ್ಡ ಉಪಕಾರ. ಒಬ್ಬರೇ ಓದಿದ್ದರಲ್ಲಿ ಬೇರೊಂದು ಸೊಗಸಿದೆ. ಅದು ಎರಡನೆಯ ಸಲಕ್ಕೆ ಇರಲಿ.

ಕೊಳ್ಳುವ ಮೊದಲು ಮಾದರಿ ತುಣುಕನ್ನು ಕೇಳಿ. ಹೆಚ್ಚಿನ ಆಪ್‌ಗಳು ಕೆಲವು ನಿಮಿಷದ ತುಣುಕನ್ನು ಪುಕ್ಕಟೆಯಾಗಿ ಕೇಳಿಸುತ್ತವೆ. ಆದರೆ ಅದನ್ನು ಮನೆಯ ಮೌನದಲ್ಲಿ ಕೂತು ಕೇಳಿ ತೀರ್ಮಾನಿಸಬೇಡಿ. ದಿನವೂ ಎಲ್ಲಿ ಕೇಳುತ್ತೀರೋ ಅಲ್ಲೇ, ಮೆಟ್ರೋದಲ್ಲೋ ಅಡುಗೆಮನೆಯಲ್ಲೋ ಕೇಳಿ ನೋಡಿ. ಮೆಲುದನಿಯ ವಾಚಕರು ಮನೆಯಲ್ಲಿ ಅಮೃತ, ಬಸ್ಸಿನಲ್ಲಿ ಬರೀ ಗುಸುಗುಸು.

3. ಎಲ್ಲಿಂದ ಪಡೆಯುವುದು

ಆಡಿಯೋಬುಕ್ ಮಾರುವ ಆಪ್ ‘ಆಡಿಬಲ್’ ಭಾರತಕ್ಕೆ 2018ರಲ್ಲಿ ಬಂತು. ಅಲ್ಲಿ ‘ಕ್ರೆಡಿಟ್’ ಎಂದರೆ ಒಂದು ಪುಸ್ತಕ ಕೊಳ್ಳುವ ಚೀಟಿ ಇದ್ದಂತೆ. ಬೆಲೆ ಎಷ್ಟೇ ಇರಲಿ, ಒಂದು ಕ್ರೆಡಿಟ್ಟಿಗೆ ಒಂದು ಪುಸ್ತಕ. ಆದ್ದರಿಂದ ಅಗ್ಗದ ಸಣ್ಣ ಪುಸ್ತಕಕ್ಕೆ ಕ್ರೆಡಿಟ್ ಖರ್ಚು ಮಾಡಬೇಡಿ, 11 ಗಂಟೆಯ ದೊಡ್ಡದಕ್ಕೆ ಉಳಿಸಿಕೊಳ್ಳಿ. ಸ್ಟೋರಿಟೆಲ್ ಎಂಬ ಇನ್ನೊಂದು ಆಪ್‌ನದು ಚಂದಾ ಪದ್ಧತಿ: ಚಂದಾ ಇರುವವರೆಗೆ ಕೇಳಬಹುದು, ನಿಂತರೆ ಪುಸ್ತಕವೂ ನಿಲ್ಲುತ್ತದೆ. ಅದರಲ್ಲಿ ಕನ್ನಡದ ಪುಸ್ತಕಗಳೂ ಇವೆ. ಮೈಲ್ಯಾಂಗ್ ಕನ್ನಡ ಪುಸ್ತಕಗಳಿಗೆಂದೇ ಹುಟ್ಟಿದ ಆಪ್. ಇಂಗ್ಲಿಷಿಗೆ ಹೋಗುವ ಮುನ್ನ ಕಿವಿಯಲ್ಲಿ ಕಾದಂಬರಿ ಕೇಳುವ ರೂಢಿ ಮಾಡಿಕೊಳ್ಳಬೇಕು ಎನ್ನುವವರು ಇವೆರಡರಲ್ಲಿ ಕನ್ನಡದ ಒಂದು ಪುಸ್ತಕದಿಂದ ಶುರು ಮಾಡಬಹುದು.

ಅಮೆರಿಕ, ಬ್ರಿಟನ್, ಕೆನಡಾಗಳಲ್ಲಿರುವ ಕನ್ನಡಿಗರು ದುಡ್ಡು ಕೊಡುವ ಮೊದಲು ಊರಿನ ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಮಾಡಿಸಿಕೊಳ್ಳಿ. ‘ಲಿಬ್ಬಿ’ ಎಂಬ ಆಪ್‌ನಲ್ಲಿ ಆ ಕಾರ್ಡ್ ಹಾಕಿದರೆ ಆಡಿಯೋಬುಕ್ ಎರವಲು ಸಿಗುತ್ತದೆ, ಪುಕ್ಕಟೆ. ತೊಂದರೆ ಎರಡು. ಬೇಡಿಕೆಯ ಪುಸ್ತಕಕ್ಕೆ ಸರದಿ ಕಾಯಬೇಕು. ಅವಧಿ ಮುಗಿದ ದಿನ ಪುಸ್ತಕ ತಾನಾಗಿ ಹಿಂದಿರುಗಿಬಿಡುತ್ತದೆ, ನೀವು ಕಥೆಯ ಯಾವ ತಿರುವಿನಲ್ಲಿದ್ದರೂ ಸರಿ. ಸರದಿ ಬಂದ ದಿನವೇ ಕೇಳಲು ಶುರುಮಾಡಿ.

ದುಡ್ಡೇ ಹಾಕದೆ ಅಭ್ಯಾಸ ಮಾಡಬೇಕೇ? ಲಿಬ್ರಿವಾಕ್ಸ್ ಇದೆ. 2005ರಲ್ಲಿ ಶುರುವಾದ ಇದರಲ್ಲಿ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದುತ್ತಾರೆ. 1900ರಲ್ಲಿ ಬಂದ ಓಝ್ ಮಾಂತ್ರಿಕನ ಕಥೆ ಸುಮಾರು ನಾಲ್ಕು ಗಂಟೆಯದು; ಕಿವಿ ಪಳಗಿಸಲು ಹೇಳಿ ಮಾಡಿಸಿದಂತಿದೆ. ಕೆಲವು ಪುಸ್ತಕಗಳಲ್ಲಿ ಅಧ್ಯಾಯಕ್ಕೊಬ್ಬರು ಓದಿರುತ್ತಾರೆ, ಮೂರನೆಯ ಅಧ್ಯಾಯಕ್ಕೆ ದನಿ ಬದಲಾದರೆ ಗಾಬರಿಯಾಗಬೇಡಿ.

ಯೂಟ್ಯೂಬಿನಲ್ಲಿ ‘ಪೂರ್ತಿ ಆಡಿಯೋಬುಕ್’ ಎಂದು ಸಿಗುವ ಹೊಸ ಕಾದಂಬರಿಗಳಲ್ಲಿ ಹೆಚ್ಚಿನವು ಕದ್ದ ಮಾಲು. ನ್ಯಾಯದ ಮಾತು ಬದಿಗಿರಲಿ. ಅವುಗಳ ವೇಗವನ್ನೋ ಸ್ಥಾಯಿಯನ್ನೋ ಬದಲಿಸಿರುತ್ತಾರೆ, ನಡುವೆ ಜಾಹೀರಾತು ತೂರಿಸಿರುತ್ತಾರೆ, ಅಧ್ಯಾಯಗಳು ಹಿಂದುಮುಂದಾಗಿರುತ್ತವೆ. ಮೊದಲೇ ಕಷ್ಟದ ಪುಸ್ತಕ, ಅದರ ಮೇಲೆ ಇದೊಂದು.

4. ಫೋನನ್ನು ಅಣಿಗೊಳಿಸಿ

ಇದು ಐದು ನಿಮಿಷದ ಕೆಲಸ. ವೈಫೈ ಇರುವಾಗ ಪುಸ್ತಕವನ್ನು ಪೂರ್ತಿ ಇಳಿಸಿಕೊಳ್ಳಿ. ಸೆಕೆಂಡಿಗೆ 64 ಕಿಲೋಬಿಟ್ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 29 ಎಂಬಿ, 11 ಗಂಟೆಗೆ ಹೆಚ್ಚೆಂದರೆ 320 ಎಂಬಿ. ಘಾಟಿಯ ತಿರುವಿನಲ್ಲಿ ನೆಟ್‌ವರ್ಕ್ ಹೋದಾಗ ಕಥೆ ನಿಲ್ಲುವುದಿಲ್ಲ.

ಆಂಡ್ರಾಯ್ಡ್ ಫೋನುಗಳಲ್ಲಿ ಬ್ಯಾಟರಿ ಉಳಿಸುವ ವ್ಯವಸ್ಥೆ, ಪರದೆ ಆರಿದ ಸ್ವಲ್ಪ ಹೊತ್ತಿಗೆ ಆಪ್ ಅನ್ನು ಮಲಗಿಸಿಬಿಡುವುದುಂಟು. ಹತ್ತು ನಿಮಿಷಕ್ಕೊಮ್ಮೆ ಓದು ತಾನಾಗಿ ನಿಲ್ಲುತ್ತಿದ್ದರೆ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗಕ್ಕೆ ಹೋಗಿ ಆ ಆಪ್‌ಗೆ ನಿರ್ಬಂಧ ತೆಗೆಯಿರಿ. ಇಯರ್‌ಫೋನ್ ಕೆಟ್ಟಿದೆ ಎಂದು ಹೊಸದು ತರಲು ಓಡಬೇಡಿ.

ಹಿಂದಕ್ಕೆ ಹೋಗುವ ಗುಂಡಿಯನ್ನು 30 ಸೆಕೆಂಡಿಗೆ ಇಟ್ಟುಕೊಳ್ಳಿ. 10 ಸೆಕೆಂಡ್ ಹಿಂದೆ ಹೋದರೆ ತಪ್ಪಿದ ವಾಕ್ಯ ಸಿಗುತ್ತದೆ, ಅದರ ಹಿಂದುಮುಂದಿನ ಸಂದರ್ಭ ಸಿಗುವುದಿಲ್ಲ.

ವೇಗದ ವಿಷಯದಲ್ಲಿ ನನಗೆ ಸ್ವಲ್ಪ ಹಟವಿದೆ. 1.25 ಪಟ್ಟು ವೇಗ ಇಟ್ಟರೆ 11 ಗಂಟೆಯದು 8 ಗಂಟೆ 48 ನಿಮಿಷಕ್ಕೆ ಮುಗಿಯುತ್ತದೆ, ನಿಜ. ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಹಾಗೆ ಕೇಳಿ, ಎರಡು ಪಟ್ಟು ವೇಗದಲ್ಲಿ ಬೇಕಾದರೂ ಕೇಳಿ. ಫ್ಯಾಂಟಸಿಯ ಮೊದಲ ಗಂಟೆಗೆ 0.9 ಇಡಿ. ನಿಧಾನವಾಯಿತೆಂದು ಕಿವಿಗೆ ತಿಳಿಯುವುದೇ ಇಲ್ಲ, ಆದರೆ ಒಂದೊಂದು ಹೆಸರು ಬಂದಾಗಲೂ ಅದನ್ನು ಹಿಡಿದುಕೊಳ್ಳಲು ಒಂದು ಗುಟುಕು ಬಿಡುವು ಸಿಗುತ್ತದೆ. ಆಮೇಲೆ 1ಕ್ಕೆ ತನ್ನಿ. ಅಲ್ಲೇ ಬಿಡಿ.

5. ಮೊದಲ ಗಂಟೆ: ಕೂತು ಕೇಳಿ, ಬರೆದುಕೊಳ್ಳಿ

ಬಿಡುವವರಲ್ಲಿ ಬಹುಪಾಲು ಮಂದಿ ಬಿಡುವುದು ಇಲ್ಲೇ. ಈ ಗಂಟೆಯಲ್ಲಿ ಬೇರೆ ಕೆಲಸ ಬೇಡ. ಪಾತ್ರೆ ತೊಳೆಯುವುದೂ ಬೇಡ.

ನಮ್ಮ ಪುಸ್ತಕದ ಮೊದಲ ಅಧ್ಯಾಯ ಹೀಗಿದೆ. ಆಕ್ಸ್‌ಫರ್ಡಿನ ಒಂದು ಕಾಲೇಜು. ಸಂಜೆಯ ಮಬ್ಬಿನಲ್ಲಿ, ಊಟಕ್ಕೆ ಅಣಿಯಾದ ದೊಡ್ಡ ಹಜಾರದ ಮೂಲಕ ಲೈರಾ ಎಂಬ ಹುಡುಗಿ ಕಳ್ಳಹೆಜ್ಜೆ ಇಡುತ್ತ, ತನಗೆ ಪ್ರವೇಶವಿಲ್ಲದ ಒಂದು ಕೋಣೆಗೆ ನುಗ್ಗುತ್ತಾಳೆ. ಯಾರೋ ಬಂದ ಸದ್ದಾಗಿ ಅಡಗಿಕೊಳ್ಳುತ್ತಾಳೆ. ಕಾಲೇಜಿನ ಮುಖ್ಯಸ್ಥ ಬಂದು ಮದ್ಯದ ಹೂಜಿಗೆ ಏನೋ ಪುಡಿ ಸುರಿಯುವುದನ್ನು ನೋಡಿಬಿಡುತ್ತಾಳೆ. ಕಥೆಯೆಂದು ನೋಡಿದರೆ ಚಂದಮಾಮದ ಓದುಗರಿಗೂ ಸುಲಭ. ಆದರೆ ಕಿವಿಗೆ ಬೀಳುವುದು ಇಷ್ಟು: ಲೈರಾ, ಪ್ಯಾಂಟಲೈಮನ್, ಮಾಸ್ಟರ್, ಸ್ಟುವರ್ಡ್, ಬಟ್ಲರ್, ಸ್ಕಾಲರ್‌ಗಳು, ಲಾರ್ಡ್ ಆಸ್ರಿಯಲ್, ಟೋಕೈ, ಮತ್ತು ನಾಲ್ಕು ವಾಕ್ಯಕ್ಕೊಮ್ಮೆ ‘ಡೀಮನ್’.

ಇಲ್ಲೇ ಕನ್ನಡದ ಕಿವಿ ಮೂರು ಕಡೆ ದಾರಿ ತಪ್ಪುತ್ತದೆ.

‘ಮಾಸ್ಟರ್’ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವವರು ಮೇಷ್ಟ್ರು, ಇಲ್ಲವೇ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡ ಟೈಲರ್. ಇಲ್ಲಿ ಅದು ಇಡೀ ಕಾಲೇಜಿನ ಮುಖ್ಯಸ್ಥನ ಹುದ್ದೆಯ ಹೆಸರು. ‘ಸ್ಕಾಲರ್’ ಅಲ್ಲಿನ ಅಧ್ಯಾಪಕ ವಿದ್ವಾಂಸ, ವಿದ್ಯಾರ್ಥಿಯಲ್ಲ.

ಇನ್ನು ‘ಡೀಮನ್’. ಇದೇ ಇಡೀ ಪುಸ್ತಕದ ಬೀಗದ ಕೈ. ಕೇಳುವುದಕ್ಕೆ ಇಂಗ್ಲಿಷಿನಲ್ಲಿ ದೆವ್ವಕ್ಕೆ ಹೇಳುವ ಪದವೇ. ಪುಸ್ತಕದಲ್ಲಿ ಅದರ ಕಾಗುಣಿತ ಬೇರೆ, ಎರಡು ಸ್ವರಗಳನ್ನು ಅಂಟಿಸಿದ ಹಳೆಯ ಅಕ್ಷರವೊಂದನ್ನು ಬಳಸಿದ್ದಾರೆ. ಆದ್ದರಿಂದ ಓದುವವರಿಗೆ ‘ಇದು ದೆವ್ವವಲ್ಲ, ಬೇರೇನೋ’ ಎಂದು ಮೊದಲ ಸಾಲಿನಲ್ಲೇ ಸುಳಿವು ಸಿಗುತ್ತದೆ. ಕೇಳುವವರಿಗೆ ಆ ಸುಳಿವಿಲ್ಲ. ಹುಡುಗಿಯ ಜೊತೆ ದೆವ್ವವೇಕೆ ಹೋಗುತ್ತಿದೆ ಎಂದು ತಲೆ ಕೆರೆದುಕೊಳ್ಳುತ್ತ ಅರ್ಧ ಅಧ್ಯಾಯ ಕಳೆದುಕೊಳ್ಳುತ್ತಾರೆ. ಈ ಲೋಕದಲ್ಲಿ ಪ್ರತಿಯೊಬ್ಬರ ಜೀವದ ಒಂದು ಪಾಲು ಪ್ರಾಣಿಯ ರೂಪದಲ್ಲಿ ಮೈಹೊರಗೆ ಓಡಾಡುತ್ತದೆ, ಮಾತನಾಡುತ್ತದೆ. ಮಕ್ಕಳದ್ದು ರೂಪ ಬದಲಿಸುತ್ತಲೇ ಇರುತ್ತದೆ. ದೊಡ್ಡವರಾಗುವಾಗ ಒಂದು ರೂಪದಲ್ಲಿ ನಿಂತುಬಿಡುತ್ತದೆ. ಇದು ರಹಸ್ಯವನ್ನು ಬಯಲು ಮಾಡಿದಂತಲ್ಲ, ಪುಸ್ತಕ ಓದುವವರಿಗೆ ಬೇಗನೆ ತಿಳಿಯುವ ಸಂಗತಿಯೇ.

ಹಾಗಾಗಿ ಲೈರಾಳ ಡೀಮನ್ ಪ್ಯಾಂಟಲೈಮನ್ ಕಥೆ ತೆರೆದಾಗ ಒಂದು ಕಂದು ಪತಂಗ. ಕತ್ತಲಲ್ಲಿ ಕಾಣಿಸಬಾರದಲ್ಲ! ಆಮೇಲೆ ಬೇರೆ ಬೇರೆ ಪ್ರಾಣಿಯಾಗುತ್ತಾನೆ, ಹೆಸರು ಮಾತ್ರ ಅದೇ. ‘ಪ್ಯಾನ್’ ಎಂದು ಕರೆದರೂ ಅವನೇ.

ಈಗ ನೋಟ್‌ಬುಕ್ ತೆಗೆಯಿರಿ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಮನುಷ್ಯ, ಬಲಕ್ಕೆ ಪ್ರಾಣಿ. ಮೂರನೆಯ ಅಧ್ಯಾಯ ಮುಗಿದಾಗ ಪುಟ ಹೆಚ್ಚುಕಡಿಮೆ ಹೀಗಿರಬೇಕು:

ಲೈರಾ (ಹುಡುಗಿ) | ಪ್ಯಾನ್: ಪತಂಗ, ಆಮೇಲೆ ಬೇರೆ ಬೇರೆ
ಲಾರ್ಡ್ ಆಸ್ರಿಯಲ್ (ಸಿಡುಕ, ಉತ್ತರ ಧ್ರುವ) | ಹಿಮಚಿರತೆ
ಆಳುಕಾಳುಗಳು | ಹೆಚ್ಚಾಗಿ ನಾಯಿ
? | ಹೊಂಬಣ್ಣದ ಕೋತಿ

ಕೊನೆಯ ಸಾಲನ್ನು ಗಮನಿಸಿ. ಮೂರನೆಯ ಅಧ್ಯಾಯದಲ್ಲಿ ಒಂದು ಕೋತಿ ಬರುತ್ತದೆ. ಬರೆದುಕೊಳ್ಳಿ, ಎಡಗಡೆ ಜಾಗ ಖಾಲಿ ಬಿಡಿ. ಏಕೆಂದು ನಾನು ಹೇಳುವುದಿಲ್ಲ. ಆ ಜಾಗವನ್ನು ತುಂಬುವ ಕ್ಷಣ ಬಂದಾಗ, ನೋಟ್‌ಬುಕ್ ಇಟ್ಟುಕೊಂಡವರಿಗೂ ಇಟ್ಟುಕೊಳ್ಳದವರಿಗೂ ಇರುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಹೆಸರುಗಳನ್ನು ಕನ್ನಡದಲ್ಲೇ ಬರೆದುಕೊಳ್ಳಿ ಎಂದು ವಿಶೇಷವಾಗಿ ಹೇಳುತ್ತೇನೆ. ಕೇಳಿದ್ದನ್ನು ಕೇಳಿದ ಹಾಗೇ ಹಿಡಿದಿಡಲು ನಮ್ಮ ಲಿಪಿಯಷ್ಟು ಒದಗುವುದು ಬೇರೊಂದಿಲ್ಲ. ಇಂಗ್ಲಿಷ್ ಕಾಗುಣಿತ ಊಹಿಸುತ್ತ ಕೂತರೆ ಅಷ್ಟರಲ್ಲಿ ಮೂರು ವಾಕ್ಯ ಮುಂದೆ ಹೋಗಿರುತ್ತದೆ.

ಗಂಟೆ ಮುಗಿದ ಮೇಲೆ ಮೊದಲ ಅಧ್ಯಾಯವನ್ನು ಇನ್ನೊಮ್ಮೆ ಕೇಳಿ. ಇದನ್ನು ಹೇಳಿದಾಗ ಎಲ್ಲರೂ ಮುಖ ಸಿಂಡರಿಸುತ್ತಾರೆ. ಮಾಡಿದವರು ಯಾರೂ ಮತ್ತೆ ಬಂದು ದೂರಿಲ್ಲ.

6. ಪದಗಳ ಚಿಕ್ಕ ಪಟ್ಟಿ

ಅರ್ಥವಾಗದ ಪ್ರತಿ ಪದಕ್ಕೂ ನಿಲ್ಲಿಸಿ ನಿಘಂಟು ನೋಡುವುದು ದೊಡ್ಡ ತಪ್ಪು. ಫ್ಯಾಂಟಸಿಯ ಪದಗಳು ಅರ್ಧಕ್ಕರ್ಧ ನಿಘಂಟಿನಲ್ಲಿ ಇರುವುದೇ ಇಲ್ಲ. ಕೇಳುತ್ತ ಹೋಗಿ, ಮೂರು ಸಲ ಬಂದ ಪದವನ್ನು ಮಾತ್ರ ಬರೆದುಕೊಳ್ಳಿ. ಈ ಪುಸ್ತಕಕ್ಕೆ ಸಾಕಾಗುವಷ್ಟು ಪದಗಳು ಇಲ್ಲಿವೆ.

ಅಲೀಥಿಯಾಮಿಟರ್: ಗ್ರೀಕಿನಲ್ಲಿ ಅಲೀಥಿಯಾ ಎಂದರೆ ಸತ್ಯ. ಸತ್ಯ ಹೇಳುವ ಒಂದು ಯಂತ್ರ, ಮುಳ್ಳುಗಳಿರುವ ದೊಡ್ಡ ಗಡಿಯಾರದಂಥದ್ದು. ಅಮೆರಿಕದ ಹೆಸರಿನಲ್ಲಿರುವ ‘ಚಿನ್ನದ ದಿಕ್ಸೂಚಿ’ ಎಂದರೆ ಇದೇ ಎಂದು ಜನ ತಿಳಿದುಕೊಂಡಿದ್ದಾರೆ.

ಡಸ್ಟ್: ಧೂಳು. ಆದರೆ ಮುದ್ರಣದಲ್ಲಿ ಇದನ್ನು ದೊಡ್ಡಕ್ಷರದಿಂದ ಶುರುಮಾಡಿರುತ್ತಾರೆ, ಅಂದರೆ ಸಾಧಾರಣ ಧೂಳಲ್ಲ. ದೊಡ್ಡಕ್ಷರ ಕಿವಿಗೆ ಕೇಳಿಸುವುದಿಲ್ಲ. ಈ ಪದ ಬಂದಾಗಲೆಲ್ಲ ಎಚ್ಚರವಾಗಿ, ಸುತ್ತಲಿನವರ ದನಿ ಹೇಗೆ ಬದಲಾಯಿತು ಎಂದು ಗಮನಿಸಿ.

ಆನ್‌ಬಾರಿಕ್: ನಮ್ಮ ವಿದ್ಯುತ್ತು, ಅಷ್ಟೇ. ಆನ್‌ಬಾರಿಕ್ ದೀಪ ಎಂದರೆ ಕರೆಂಟಿನ ದೀಪ. ಹಾಗೆಯೇ ‘ಎಕ್ಸ್‌ಪೆರಿಮೆಂಟಲ್ ಥಿಯಾಲಜಿ’ ಎಂದರೆ ಹೆಚ್ಚುಕಡಿಮೆ ನಮ್ಮ ಭೌತಶಾಸ್ತ್ರ. ಅಲ್ಲಿನ ಲೋಕ ನಮ್ಮದರ ಪಕ್ಕದ ಮನೆಯಂತಿದೆ, ಸಾಮಾನುಗಳು ಅವೇ, ಹೆಸರು ಬೇರೆ.

ಗಾಬ್ಲರ್‌ಗಳು: ಗಬಗಬ ನುಂಗುವವರು. ಮಕ್ಕಳನ್ನು ಕದ್ದೊಯ್ಯುವವರಿಗೆ ಮಕ್ಕಳೇ ಇಟ್ಟ ಹೆಸರು. ನಮ್ಮಲ್ಲಿ ಗುಮ್ಮ ಎಂದು ಹೆದರಿಸುವ ಹಾಗೆ, ಆದರೆ ಇವರು ನಿಜವಾಗಿಯೂ ಬರುತ್ತಾರೆ.

ಪ್ಯಾನ್ಸರ್‌ಬ್ಯೋರ್ನೆ: ಕವಚ ತೊಟ್ಟ ಕರಡಿಗಳು. ಉಚ್ಚಾರಣೆಯ ಚಿಂತೆ ಬೇಡ; ಕರಡಿ ಎಂದು ಬರೆದುಕೊಳ್ಳಿ.

7. ಯಾವ ಕೆಲಸದ ಜೊತೆ ಕೇಳಬಹುದು?

ಕೈಗೆ ಕೆಲಸವಿರಬೇಕು, ಬುದ್ಧಿಗೆ ಇರಬಾರದು. ಹುರುಳಿಕಾಯಿ ಸೋಸುವುದು, ಬಟ್ಟೆ ಮಡಿಸುವುದು, ಸೊಪ್ಪು ಬಿಡಿಸುವುದು, ಪರಿಚಿತ ದಾರಿಯಲ್ಲಿ ವಾಕಿಂಗ್, ಇವೆಲ್ಲ ಸೈ. ಹೊಸ ಅಡುಗೆ ಮಾಡುವಾಗ ಬೇಡ. ಉಪ್ಪು ಹಾಕಿದಿರೋ ಇಲ್ಲವೋ ಎಂಬುದೂ ಮರೆಯುತ್ತದೆ, ಕರಡಿ ಏನು ಹೇಳಿತೆಂಬುದೂ ಮರೆಯುತ್ತದೆ. ಮಿಕ್ಸಿ ಓಡಿಸುವಾಗ, ಕುಕ್ಕರ್ ಕೂಗುವಾಗ ನಿಲ್ಲಿಸಿ. ವಾಟ್ಸ್‌ಆ್ಯಪ್ ನೋಡುತ್ತ ಕೇಳುತ್ತೇನೆ ಎನ್ನುವವರು ಕೇಳುತ್ತಿಲ್ಲ. ಕಣ್ಣು ಬೇರೇನೋ ಓದುತ್ತಿದ್ದರೆ ಕಿವಿ ಕಥೆಯನ್ನು ಬಿಟ್ಟುಕೊಡುತ್ತದೆ.

ಸ್ಕೂಟರ್, ಬೈಕ್ ಓಡಿಸುವಾಗ ಬೇಡವೇ ಬೇಡ. ರಸ್ತೆ ಬದಿ ನಡೆಯುವಾಗ ಒಂದೇ ಕಿವಿಗೆ ಹಾಕಿಕೊಳ್ಳಿ.

ಬಸ್ಸಿನ ಗದ್ದಲವನ್ನು ಮೀರಿಸಲು ವಾಲ್ಯೂಮ್ ಏರಿಸುತ್ತ ಹೋಗುವುದು ನಮ್ಮೆಲ್ಲರ ಚಾಳಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ 75 ಡೆಸಿಬಲ್. ಡೆಸಿಬಲ್ ಎಂದರೆ ಸದ್ದಿನ ಅಳತೆ. ಸದ್ದು ಏರಿದಂತೆ ಕೇಳಬಹುದಾದ ಗಂಟೆಗಳು ಬೇಗಬೇಗನೆ ಇಳಿಯುತ್ತವೆ. ಬಸ್ಸಿನಲ್ಲಿ ವಾಲ್ಯೂಮ್ ಪೂರ್ತಿ ಏರಿಸಿದರೂ ಕೇಳದಿದ್ದರೆ ಅಂದು ಕಿಟಕಿಯಾಚೆ ನೋಡುತ್ತ ಕೂರಿ.

8. ರಾತ್ರಿ ಕೇಳುವವರಿಗೆ

‘ಸ್ಲೀಪ್ ಟೈಮರ್’ ಎಂದರೆ ಹೇಳಿದಷ್ಟು ಹೊತ್ತಿಗೆ ಓದನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ. 15 ನಿಮಿಷಕ್ಕಿಂತ ಹೆಚ್ಚು ಇಡಬೇಡಿ. ಅಧ್ಯಾಯದ ಕೊನೆಗೆ ಎಂಬ ಆಯ್ಕೆಯೂ ಇರುತ್ತದೆ. ಈ ಪುಸ್ತಕದ 23 ಅಧ್ಯಾಯಗಳಲ್ಲಿ ಒಂದೊಂದೂ ಸರಾಸರಿ ಅರ್ಧ ಗಂಟೆ ಎಳೆಯುವುದರಿಂದ ಅದನ್ನು ನಂಬಿದರೆ ನೀವು ನಿದ್ದೆಯಲ್ಲಿರುವಾಗಲೇ ಲೈರಾ ಅರ್ಧ ಉತ್ತರ ಧ್ರುವ ದಾಟಿರುತ್ತಾಳೆ. ಬೆಳಿಗ್ಗೆ ಎದ್ದು ಎಲ್ಲಿದ್ದೆ ಎಂದು ಹುಡುಕುವ ಬದಲು, ಟೈಮರ್ ಹಾಕುವಾಗಲೇ ಒಂದು ಬುಕ್‌ಮಾರ್ಕ್ ಒತ್ತಿ ಮಲಗಿ.

9. ಮನೆಯಲ್ಲಿ ಮಕ್ಕಳ ಜೊತೆ

ಪ್ರಕಾಶಕರು ಅಂಟಿಸಿದ ಚೀಟಿ ಏನೇ ಇರಲಿ, ಈ ಕಾದಂಬರಿಯಲ್ಲಿ ಮಕ್ಕಳಿಗೆ ಮಾಡುವ ಕ್ರೌರ್ಯದ ಭಾಗಗಳಿವೆ. ಧರ್ಮಸಂಸ್ಥೆಯನ್ನು ಕಟುವಾಗಿ ಪ್ರಶ್ನಿಸುವ ಕಥೆಯೂ ಹೌದು. ಕಣ್ಣು ಪುಟದ ಮೇಲೆ ಓಡಿಹೋಗಬಹುದು. ದನಿ ಓಡುವುದಿಲ್ಲ, ಪ್ರತಿ ಪದವನ್ನೂ ಹೇಳಿಯೇ ತೀರುತ್ತದೆ. ಆದ್ದರಿಂದ ಹತ್ತು ವರ್ಷದೊಳಗಿನವರಿಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಮೇಲಿನವರಾದರೆ ನೀವು ಒಂದು ಅಧ್ಯಾಯ ಮುಂದೆ ಕೇಳಿಟ್ಟುಕೊಂಡಿರಿ.

ಜೊತೆಗೆ ಕೇಳುವ ಕ್ರಮಕ್ಕೆ ನಮ್ಮಲ್ಲೇ ಒಂದು ಮಾದರಿ ಇದೆ. ಗಮಕದಲ್ಲಿ ಒಬ್ಬರು ಕುಮಾರವ್ಯಾಸನ ಪದ್ಯವನ್ನು ರಾಗವಾಗಿ ವಾಚಿಸುತ್ತಾರೆ, ನಿಲ್ಲುತ್ತಾರೆ. ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಮತ್ತೆ ವಾಚನ. ಹಳೆಗಾಲದ ಆ ಪದಗಳನ್ನು ಅಕ್ಷರ ಬಾರದವರೂ ಹೀಗೇ ಕೇಳಿ ತಿಳಿದುಕೊಂಡರು. ಇಲ್ಲಿ ವಾಚನಕ್ಕೆ ಫೋನ್ ಇದೆ, ವ್ಯಾಖ್ಯಾನಕ್ಕೆ ನೀವಿರಿ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ, ಏನಾಯಿತು ಎಂದು ಕನ್ನಡದಲ್ಲಿ ಮಾತಾಡಿ. “ಪ್ಯಾನ್ ಈಗ ಯಾವ ಪ್ರಾಣಿ?” ಎಂದು ಕೇಳಿ ನೋಡಿ, ನೀವು ಮರೆತಿದ್ದರೂ ಅವರು ಮರೆತಿರುವುದಿಲ್ಲ. ಹೊರದೇಶದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಇಂಗ್ಲಿಷ್ ಸಲೀಸು, ಕನ್ನಡ ತೊದಲು. ಅಲ್ಲಿ ಅವರನ್ನೇ ವ್ಯಾಖ್ಯಾನಕ್ಕೆ ಕೂರಿಸಿ, ಅಜ್ಜಿಗೆ ಕಥೆ ಹೇಳಲಿ.

10. ನಡುವೆ ಕಳೆದುಹೋದರೆ

ಕಳೆದುಹೋಗುತ್ತೀರಿ, ಎಲ್ಲರೂ ಹೋಗುತ್ತಾರೆ. ಆಗ ಅಧ್ಯಾಯದ ಆರಂಭಕ್ಕೆ ಹೋಗಿ. ಐದೈದು ನಿಮಿಷ ಹಿಂದೆ ಮುಂದೆ ಎಳೆದಾಡಬೇಡಿ. ಅಂತರ್ಜಾಲದಲ್ಲಿ ಸಾರಾಂಶ ಹುಡುಕಲು ಹೋದರೆ ಕೊನೆಯ ತಿರುವು ಮೊದಲ ಪ್ಯಾರಾದಲ್ಲೇ ಸಿಕ್ಕಿಬಿಡುತ್ತದೆ, ಆ ಪಾಪಕ್ಕೆ ಪರಿಹಾರವಿಲ್ಲ. ಇಂಗ್ಲಿಷಿನ ವೇಗವೇ ಕಷ್ಟವಾಗುತ್ತಿದ್ದರೆ ಗ್ರಂಥಾಲಯದಿಂದ ಅಚ್ಚಿನ ಪುಸ್ತಕ ತಂದು ಮೊದಲ ಎರಡು ಅಧ್ಯಾಯಗಳನ್ನು ಕಣ್ಣು ಕಿವಿ ಎರಡರಲ್ಲೂ ಒಟ್ಟಿಗೆ ಓದಿ. ಮೂರನೆಯದರಿಂದ ಪುಸ್ತಕ ಮುಚ್ಚಿ.

ಇಷ್ಟೆಲ್ಲ ಮಾಡಿ, ಎರಡು ಗಂಟೆ ಕೇಳಿದ ಮೇಲೂ ಲೈರಾಳ ಬಗ್ಗೆ ನಿಮಗೆ ಏನೂ ಅನ್ನಿಸದಿದ್ದರೆ ಬಿಟ್ಟುಬಿಡಿ. ಪುಸ್ತಕಕ್ಕೆ ಬೇಜಾರಾಗುವುದಿಲ್ಲ.

ಮುಗಿಸಿದವರಿಗೆ ಕಡೆಯ ಎಚ್ಚರಿಕೆ ಒಂದಿದೆ. ಎರಡನೆಯ ಕಾದಂಬರಿ 1997ರ ‘ದ ಸಟಲ್ ನೈಫ್’. ಹಾಕಿದ ಕೂಡಲೇ ಕೇಳಿಸುವುದು ಲೈರಾ ಅಲ್ಲ, ಆಕ್ಸ್‌ಫರ್ಡಿನ ಆ ಕಾಲೇಜೂ ಅಲ್ಲ. ವಿಲ್ ಎಂಬ ಹುಡುಗ, ಅವನ ತಾಯಿ, ಡೀಮನ್‌ಗಳ ಸುಳಿವೇ ಇಲ್ಲದ ನಮ್ಮದೇ ಇಂಗ್ಲೆಂಡ್. ಬೇರೆ ಪುಸ್ತಕ ಇಳಿಸಿಕೊಂಡೆ ಎಂದು ಅಳಿಸಬೇಡಿ, ಹಿಂದಿರುಗಿಸಲೂ ಹೋಗಬೇಡಿ. ಸರಿಯಾದದ್ದೇ ಸಿಕ್ಕಿದೆ. ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆಯಿರಿ, ವೇಗವನ್ನು ಮತ್ತೆ 0.9ಕ್ಕೆ ಇಡಿ.